ಯಾರೂ ಕೇಳಲಿಲ್ಲ ಎಂದಿದ್ದೆ

ಶೋಭಾ, ನಿನ್ನನ್ನು ಕರೆದಿದ್ದರು. ಯಾರೂ ಕರೆಯಲಿಲ್ಲ ಎಂದು ನಾನು ಹೇಳಿದ್ದು ಸುಳ್ಳು.

ನೀನಾಗ ಬಿ.ಕಾಂ. ಎರಡನೇ ವರ್ಷದಲ್ಲಿದ್ದೆ. ನಾನು ಹೊಸಕೋಟೆಯ ಆ ಕಾಲೇಜಿನಲ್ಲಿ ಹುಡುಗಿಯರ ಬ್ಯಾಸ್ಕೆಟ್‌ಬಾಲ್ ತಂಡದ ಮುಖ್ಯ ತರಬೇತುದಾರ — ಹೆಸರಿಗೆ ಮುಖ್ಯ, ಕೆಲಸ ಮಾತ್ರ ವರ್ಷ ವರ್ಷದ ಗುತ್ತಿಗೆ. ಅಂತರ ಕಾಲೇಜು ಪಂದ್ಯದಲ್ಲಿ ನಗರದ ತಂಡವೊಂದನ್ನು ನೀನೊಬ್ಬಳೇ ಸುಸ್ತು ಹೊಡೆಸಿಬಿಟ್ಟೆ. ಆ ತಂಡದ ಕೋಚ್ ಮರುವಾರ ನನಗೆ ಫೋನ್ ಮಾಡಿದರು. ನಿನ್ನನ್ನು ತಮ್ಮ ಕಾಲೇಜಿಗೆ ಸೇರಿಸಿಕೊಳ್ಳುತ್ತೇವೆ, ಹಾಸ್ಟೆಲ್ ಕೊಡುತ್ತೇವೆ, ರಾಜ್ಯ ತಂಡದ ಆಯ್ಕೆಗೂ ಕಳಿಸುತ್ತೇವೆ ಎಂದರು.

"ಹಳ್ಳಿ ಕಡೆಯವ್ರು ಸಾರ್. ಹೆಣ್ಮಕ್ಕಳನ್ನ ಹಾಸ್ಟೆಲ್‌ಗೆಲ್ಲಾ ಕಳಿಸಲ್ಲ," ಎಂದೆ.

ಅವರು ಮರುಮಾತಿಲ್ಲದೆ ನಂಬಿದರು. ಹಳ್ಳಿಯವರ ಬಗ್ಗೆ ಅಂಥ ಮಾತು ಹೇಳಿದರೆ ಯಾರೂ ವಿಚಾರಿಸಲು ಹೋಗುವುದಿಲ್ಲ — ಅದು ಗೊತ್ತಿದ್ದೇ ಹೇಳಿದೆ. ನಾನೂ ಹಳ್ಳಿಯವನೇ, ಅನುಗೊಂಡನಹಳ್ಳಿಯವನು. ನಿಮ್ಮಪ್ಪನನ್ನು ನಾನು ಕೇಳಿರಲೇ ಇಲ್ಲ. ನಿನ್ನನ್ನೂ.

ಮುಂದಿನ ವರ್ಷ ನಿನ್ನ ಆಟದಿಂದ ನಾವು ಕಪ್ ಗೆದ್ದೆವು. ನನ್ನ ಕೆಲಸ ಕಾಯಂ ಆಯಿತು. ಆಮೇಲೆ ಬಂದ ಹೆಸರು, ವಿಶ್ವವಿದ್ಯಾಲಯದ ತಂಡದ ಜವಾಬ್ದಾರಿ, ಊರಿನವರ ಮರ್ಯಾದೆ — ಎಲ್ಲವೂ ಆ ಕಪ್‌ನಿಂದ ಶುರುವಾದದ್ದು.

ನಿನ್ನ ಕೊನೆಯ ಪರೀಕ್ಷೆ ಮುಗಿದ ದಿನ ನಿಮ್ಮಪ್ಪ ಡೇರಿಗೆ ಹಾಲು ಹಾಕಿ, ನಂದಗುಡಿಯಿಂದ ಬಸ್ಸಿನಲ್ಲಿ ನೇರವಾಗಿ ಮೈದಾನಕ್ಕೆ ಬಂದರು.

"ಸಾರ್, ನಮ್ ಹುಡುಗೀನ ದೊಡ್ಡ ಕಡೆ ಯಾರಾದ್ರೂ ಕೇಳಿದ್ರಾ? ಕೇಳಿದ್ರೆ ಕಳಿಸ್ತೀವಿ. ಅವರಮ್ಮನೂ ಹೂಂ ಅಂದವ್ಳೆ."

"ಇಲ್ಲ ಯಜಮಾನ್ರೇ. ಯಾರೂ ಕೇಳ್ಲಿಲ್ಲ."

ಆಗಲೂ ಆ ಕೋಚ್‌ಗೆ ಒಂದು ಫೋನ್ ಮಾಡಬಹುದಿತ್ತು. ಎಂ.ಕಾಂ.ಗಾದರೂ ಸೇರಿಸಿಕೊಳ್ಳುತ್ತಿದ್ದರೇನೋ. ಆದರೆ ಮಾಡಿದ್ದರೆ ಮೊದಲು ಹೇಳಿದ್ದ ಸುಳ್ಳು…

"ಹೋಗ್ಲಿ ಬಿಡಿ ಸಾರ್. ನೀವು ಇಷ್ಟು ಕಲಿಸಿದ್ರಲ್ಲ, ಅದೇ ದೊಡ್ಡದು," ಎಂದು ಅವರು ಕೈಮುಗಿದರು. ನೀನು ಅವರ ಹಿಂದೆಯೇ ನಿಂತಿದ್ದೆ. ಎಲ್ಲ ಕೇಳಿಸಿಕೊಂಡೆ. ಅವತ್ತೇ ನೀನು ನಿನ್ನ ಶೂಗಳನ್ನು ಜೂನಿಯರ್ ಒಬ್ಬಳಿಗೆ ಕೊಟ್ಟುಬಿಟ್ಟೆ. ಆಮೇಲೆ ಯಾವುದೋ ಗೋದಾಮಿನಲ್ಲಿ ಲೆಕ್ಕ ಬರೆಯುವ ಕೆಲಸಕ್ಕೆ ಸೇರಿದೆಯೆಂದು ಕೇಳಿದೆ. ಮತ್ತೆ ಚೆಂಡು ಮುಟ್ಟಲಿಲ್ಲವಂತೆ.

ಕಳೆದ ತಿಂಗಳು ಮಗಳ ಕೈಹಿಡಿದು ನನ್ನ ಬಳಿ ಬಂದೆಯಲ್ಲ. "ನನ್ ಆಟ ಅಷ್ಟೇ ಇತ್ತು ಬಿಡಿ ಸಾರ್. ಇವಳಿಗಾದ್ರೂ ಚೆನ್ನಾಗಿ ಕಲಿಸ್ಕೊಡಿ," ಎಂದೆ. ನಿನ್ನ ದನಿಯಲ್ಲಿ ಬೇಸರವಿರಲಿಲ್ಲ. ನಾನು ನಕ್ಕೆ. ಅಲ್ಲೇ ಬಾಯಿ ಬಿಡಬೇಕಿತ್ತು — ಬಿಡಲಿಲ್ಲ.

ನಿನ್ನ ಆಟ ಅಷ್ಟೇ ಇರಲಿಲ್ಲ, ಶೋಭಾ. ಎಷ್ಟಿತ್ತು ಎಂದು ನಿನಗೂ ಗೊತ್ತಾಗದಂತೆ ಮಾಡಿದವನು ನಾನು.

ಮಗಳನ್ನು ನನ್ನ ಬಳಿ ಕಳಿಸಬೇಕೋ ಬೇಡವೋ, ಈಗ ಯೋಚಿಸು. ನಿಮ್ಮಪ್ಪನಿಗೆ ಮಾತ್ರ ನೀನು ಹೇಳಬೇಡ. ಭಾನುವಾರ ನಂದಗುಡಿಗೆ ಬಂದು, ಅವರೆದುರು ಕೂತು, ನಾನೇ ಹೇಳುತ್ತೇನೆ.