ಅರ್ಧಡಿ ಸಾಹೇಬರ ಬಾಗಿಲು

ನಗರ ಯೋಜನಾ ಕಚೇರಿಯ ಮೂರನೇ ಮಹಡಿಯಲ್ಲಿ ಅವರಿಗೊಂದು ಹೆಸರಿತ್ತು. ಅದು ಅಪ್ಪ ಅಮ್ಮ ಇಟ್ಟದ್ದಲ್ಲ. ಎಲ್ಲರೂ ಅವರನ್ನು ಅರ್ಧಡಿ ಸಾಹೇಬರು ಎನ್ನುತ್ತಿದ್ದರು. ಹಿಂದೆ ಯಾವಾಗಲೋ ಒಬ್ಬ ಕಟ್ಟಡದ ಮಾಲೀಕ ಫುಟ್‌ಪಾತಿಗೆ ಬಿಡಬೇಕಾದ ಎಂಟು ಅಡಿಯಲ್ಲಿ ಏಳೂವರೆ ಮಾತ್ರ ಬಿಟ್ಟು ನಕ್ಷೆ ತಂದಿದ್ದ. ಸಾಹೇಬರು ಕೆಂಪು ಪೆನ್ಸಿಲಿನಲ್ಲಿ ಅದಕ್ಕೆ ಸೊನ್ನೆ ಸುತ್ತಿ ವಾಪಸು ಕಳಿಸಿದರು. ಎರಡನೇ ಸಲವೂ ಕಳಿಸಿದರು. ಮೂರನೇ ಸಲ ಆತ ಮೇಜಿನ ಮುಂದೆ ನಿಂತು, "ಅರ್ಧ ಅಡಿಯಲ್ಲಿ ಏನ್ ಸಾರ್ ಇದೆ?" ಎಂದು ಜೋರು ಮಾಡಿದ. ಸಾಹೇಬರು ಎದ್ದು ಬಂದು, ಅವನ ಭುಜಕ್ಕೆ ಭುಜ ಒತ್ತಿ ನಿಂತು, "ಈಗ ಅರ್ಧ ಅಡಿ ಆಚೆ ಹೋಗಿ" ಎಂದರಂತೆ. ಆತ ಸರಿದ. "ಉಸಿರಾಡೋಕೆ ಆಯ್ತಲ್ಲ? ಅದೇ ಇರೋದು ಅದರಲ್ಲಿ" ಎಂದು ಹೋಗಿ ಕೂತರಂತೆ. ಕಥೆ ನಿಜವೋ ಸುಳ್ಳೋ, ಹೆಸರಂತೂ ಅಂಟಿಕೊಂಡಿತು.

ಮೂವತ್ತನಾಲ್ಕು ವರ್ಷ ಅವರು ಮಾಡಿದ ಕೆಲಸ ಇಷ್ಟೇ. ಸುರುಳಿ ಸುತ್ತಿದ ನಕ್ಷೆ ಬರುತ್ತದೆ. ಅದು ಮತ್ತೆ ಸುತ್ತಿಕೊಳ್ಳದಂತೆ ನಾಲ್ಕು ಮೂಲೆಗೆ ಟೀ ಲೋಟ, ಪಂಚಿಂಗ್ ಮಷೀನು, ಬೀಗ, ತಮ್ಮದೇ ಕನ್ನಡಕದ ಡಬ್ಬಿ ಇಟ್ಟು ಬಿಡಿಸಬೇಕು. ಸ್ಕೇಲು ಹಿಡಿದು ಅಳೆಯಬೇಕು. ಸರಿಯಿದ್ದರೆ ಕೆಂಪು ಟಿಕ್, ಇಲ್ಲದಿದ್ದರೆ ಕೆಂಪು ಸೊನ್ನೆ. ಬಗ್ಗಿ ಬಗ್ಗಿ ಸೊಂಟ ಹಿಡಿದುಕೊಂಡಿತ್ತು, ಕಣ್ಣು ಮಂಜಾಗಿತ್ತು. ನಿವೃತ್ತಿಗೆ ಐದು ತಿಂಗಳಿರುವಾಗ ಅವರಿಗೆ ಬೇರೆ ಯಾವ ಆಸೆಯೂ ಉಳಿದಿರಲಿಲ್ಲ. ಸಾಕಾಗಿತ್ತು, ಅಷ್ಟೆ.

ಒಂದೇ ಒಂದು ಹೆಮ್ಮೆ ಮಾತ್ರ ಒಳಗಿತ್ತು. ಹದಿನಾಲ್ಕು ವರ್ಷದ ಹಿಂದೆ ಕಚೇರಿ ಹೊರಡಿಸಿದ ನಲವತ್ತು ಪುಟದ ನಿಯಮಪುಸ್ತಕವನ್ನು ಮೊದಲಿಂದ ಕೊನೆಯವರೆಗೆ ಬರೆದವರು ಅವರೇ. ಕೆಳಗೆ ಅಂಗಡಿ, ಮೇಲೆ ಮನೆ ಇರುವ ಕಟ್ಟಡಗಳು ಬೀದಿಯಲ್ಲಿ ನಡೆಯುವವರಿಗೆ ಹೇಗಿರಬೇಕು ಎಂಬ ನಿಯಮಗಳು ಅವು. ಅಂಗಡಿಗಳ ಗಾಜು ಬೀದಿಗೆ ಕಾಣಬೇಕು. ಬರೀ ಗೋಡೆ ಇಪ್ಪತ್ತು ಅಡಿಗಿಂತ ಉದ್ದ ಇರಬಾರದು. ಕಾರು ನಿಲ್ಲಿಸುವುದು ಹಿಂದುಗಡೆ. ಅಲ್ಲಲ್ಲಿ ಕೂರಲು ಬೆಂಚು. ಹದಿನೇಳನೇ ನಿಯಮ ಅವರಿಗೆ ಎಲ್ಲಕ್ಕಿಂತ ಅಚ್ಚುಮೆಚ್ಚು: ಮೇಲಿನ ಮನೆಯವರಿಗಾಗಿ ಬೀದಿಗೇ ತೆರೆಯುವ ಒಂದು ಬಾಗಿಲು ಇರತಕ್ಕದ್ದು.

ಈ ಬುದ್ಧಿಯೆಲ್ಲ ಅವರಿಗೆ ಓದಿ ಬಂದದ್ದಲ್ಲ, ಅಕ್ಕನಿಂದ ಬಂದದ್ದು. ಆರು ವರ್ಷದವರಿದ್ದಾಗ ತಾಯಿ ತೀರಿಕೊಂಡರು. ಹದಿನೆಂಟರ ಅಕ್ಕ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೆಲಸಕ್ಕೆ ಸೇರಿ ತಮ್ಮನನ್ನು ಸಾಕಿದಳು. ದಿನಾ ಬೆಳಿಗ್ಗೆ ಅವನನ್ನು ಕೈಹಿಡಿದು ಶಾಲೆಗೆ ಬಿಟ್ಟು ಮುಂದೆ ಹೋಗುತ್ತಿದ್ದಳು. ಕಾಲು ನೋವು ಎಂದು ಅವನು ರಾಗ ಎಳೆದರೆ, "ಅಂಗಡಿ ಎಣಿಸ್ತಾ ಬಾ, ನೋವು ಗೊತ್ತಾಗಲ್ಲ" ಎನ್ನುತ್ತಿದ್ದಳು. ಅಂಗಡಿ ಇರುವಷ್ಟು ದೂರ ನೋವು ಗೊತ್ತಾಗುತ್ತಲೂ ಇರಲಿಲ್ಲ. ಗೋದಾಮಿನ ಉದ್ದನೆಯ ಗೋಡೆ ಬಂದಾಗ ಮಾತ್ರ ಅಳು ಬರುತ್ತಿತ್ತು. ಇಪ್ಪತ್ತು ಅಡಿಯ ನಿಯಮ ಹುಟ್ಟಿದ್ದು ಆ ಗೋಡೆಯ ಬುಡದಲ್ಲಿ.

ಅಕ್ಕ ಮದುವೆಯಾಗಲಿಲ್ಲ. ಅವಳು ಕೆಲಸದಿಂದ ನಿವೃತ್ತಳಾದಾಗ ಸಾಹೇಬರೇ ಮುಂದೆ ನಿಂತು ಅವಳಿಗೊಂದು ಮನೆ ಕೊಡಿಸಿದರು. ನಾಲ್ಕನೇ ಮಹಡಿ, ಲಿಫ್ಟಿದೆ. ನಕ್ಷೆಗೆ ಟಿಕ್ ಹಾಕಿದವರೂ ಅವರೇ. "ಅಕ್ಕಾ, ಲಿಫ್ಟಿಂದ ಇಳಿದರೆ ನೇರ ಬೀದಿ. ಹನ್ನೊಂದು ಹೆಜ್ಜೆಗೆ ಬೆಂಚು. ಅದು ನನ್ನ ಬಾಗಿಲು" ಎಂದು ಬೀಗಿದ್ದರು. ಆಮೇಲೆ ಹನ್ನೆರಡು ವರ್ಷ, ಭಾನುವಾರ ತಪ್ಪದೆ ಅಕ್ಕನ ಮನೆಗೆ ಹೋಗಿಬಂದರು.

ಹೋಗಿಬಂದದ್ದು ಸ್ಕೂಟರಿನಲ್ಲಿ. ಹಿಂದಿನ ಗೇಟಿನಿಂದ ಒಳಗೆ ನುಗ್ಗಿ, ಕಾರುಗಳ ನಡುವೆ ಅದನ್ನು ನಿಲ್ಲಿಸಿ, ಅಲ್ಲಿಂದಲೇ ಲಿಫ್ಟ್ ಹತ್ತುತ್ತಿದ್ದರು. ಊರಿಗೆಲ್ಲ ನಡೆಯುವುದನ್ನು ಕಲಿಸಲು ಹೊರಟವರು ಅಕ್ಕನ ಬೀದಿಯಲ್ಲಿ ಒಂದು ದಿನವೂ ನಡೆದಿರಲಿಲ್ಲ. ದೀಪದ ಬುಡದಲ್ಲೇ ಕತ್ತಲು ಎನ್ನುವುದು ಇದಕ್ಕೇ.

ಕತ್ತಲು ಗೊತ್ತಾದದ್ದು ಅಕ್ಕನ ಸೊಂಟದ ಆಪರೇಷನ್ ಆದಮೇಲೆ. ಡಾಕ್ಟರು ಖಡಾಖಂಡಿತವಾಗಿ ಹೇಳಿದ್ದರು: ದಿನಾ ಹೊರಗೆ ನಡೆಸಿ, ಮನೆಯೊಳಗೆ ಕೂರಿಸಿಬಿಟ್ಟರೆ ಮತ್ತೆ ಏಳುವುದಿಲ್ಲ. ಸಾಹೇಬರು ರಜೆ ಹಾಕಿ ಬಂದರು. ಅಕ್ಕನ ಕೈಗೆ ವಾಕರ್ ಕೊಟ್ಟು, ಲಿಫ್ಟಿನಲ್ಲಿ ಇಳಿಸಿ, ತಮ್ಮ ಬಾಗಿಲ ಕಡೆ ಕರೆದುಕೊಂಡು ಹೋದರು. ಬಾಗಿಲಿಗೆ ಅಡ್ಡಲಾಗಿ ಪ್ಲಾಸ್ಟಿಕ್ ಕುರ್ಚಿಗಳ ಗೋಪುರ, ಅದರ ಪಕ್ಕ ಮುರಿದ ನೋಟೀಸ್ ಬೋರ್ಡು. ಹಿಡಿಕೆಗೆ ಸರಪಳಿ, ಸರಪಳಿಗೆ ತುಕ್ಕು ಹಿಡಿದ ಬೀಗ.

"ಇದ್ಯಾವಾಗ ಹಾಕಿದ್ರು?" ಸಾಹೇಬರು ಸರಪಳಿ ಜಗ್ಗಿ ನೋಡಿದರು.

"ಹತ್ತು ವರ್ಷ ಆಯ್ತೇನೋ. ಯಾರದೋ ಸೈಕಲ್ ಕಳುವಾಯ್ತು, ಆಗ ಹಾಕಿದ್ದು. ಎಲ್ಲರೂ ಕಾರಲ್ಲೇ ಬರೋರು, ಯಾರಿಗೆ ಬೇಕು ಈ ಬಾಗಿಲು?"

"ಹತ್ತು ವರ್ಷ! ಒಂದ್ ಮಾತು ಹೇಳಬಾರದಾ ಅಕ್ಕಾ?"

"ನನ್ನ ಬಾಗಿಲು, ನನ್ನ ಬಾಗಿಲು ಅಂತ ಬಂದವರಿಗೆಲ್ಲ ಹೇಳ್ಕೊಂಡು ಕುಣೀತಿದ್ದೆ ನೀನು. ಯಾಕೆ ನಿನ್ನ ಮನಸ್ಸು ಕೆಡಿಸಲಿ ಅಂತ ಸುಮ್ಮನಾದೆ. ಆಗ ಕಾಲು ಗಟ್ಟಿಯಿತ್ತು ಕಣೋ, ಸುತ್ತಿಕೊಂಡು ಹೋಗ್ತಿದ್ದೆ."

ಸುತ್ತಿಕೊಂಡು ಎಂದರೆ ಎಷ್ಟು? ಸಾಹೇಬರು ಅಕ್ಕನನ್ನು ಒಂದು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ ಎಣಿಸಿಕೊಂಡು ಬಂದರು. ಕಾರುಗಳು ಹತ್ತುವ ಇಳಿಜಾರು, ಹಿಂದಿನ ಗೇಟು, ಕಸದ ಡ್ರಮ್ಮುಗಳ ಓಣಿ, ಆಮೇಲೆ ಬೀದಿ. ಇನ್ನೂರ ಹನ್ನೆರಡು ಹೆಜ್ಜೆ. ಆ ಇಳಿಜಾರಿನಲ್ಲಿ ವಾಕರ್ ಹಿಡಿದವರನ್ನು ನಡೆಸುವುದು ಕನಸಿನ ಮಾತು. ಅಂದು ಅಕ್ಕ ಕುರ್ಚಿ ಗೋಪುರದಿಂದ ಲಿಫ್ಟಿನವರೆಗೆ ನಾಲ್ಕು ಸಲ ಓಡಾಡಿ ಮೇಲೆ ಹೋದಳು. ಸಾಹೇಬರಿಗೆ ಆ ರಾತ್ರಿ ಊಟ ಸೇರಲಿಲ್ಲ.

ಮಾರನೇ ದಿನ ನಿಯಮಪುಸ್ತಕ ತೆಗೆದರು. ಬಾಗಿಲು ಇರತಕ್ಕದ್ದು. ಇದೆಯಲ್ಲ! ಬೀಗ ಹಾಕಬಾರದು ಎಂದು ಎಲ್ಲೂ ಇಲ್ಲ. ನಕ್ಷೆಯ ಮೇಲೆ ಬಾಗಿಲು ಕಂಡರೆ ಟಿಕ್. ಕಟ್ಟಿದ ಮೇಲೆ ಒಮ್ಮೆ ಹೋಗಿ ನೋಡಿದರೆ ಮುಗಿಯಿತು. ಜನ ಬಂದು ವಾಸವಾದ ಮೇಲೆ ಆ ಕಡೆ ತಿರುಗಿ ನೋಡುವ ಪದ್ಧತಿಯೇ ಕಚೇರಿಗಿರಲಿಲ್ಲ. ಅರ್ಧ ಅಡಿಗೆ ಪ್ರಾಣ ಬಿಡುವ ಮನುಷ್ಯ ಒಂದಿಡೀ ಬಾಗಿಲನ್ನೇ ಕಳೆದುಕೊಂಡು ಕೂತಿದ್ದರು. ಮಾಡಿದ್ದುಣ್ಣೋ ಮಹರಾಯ ಎಂದು ತಮಗೆ ತಾವೇ ಹೇಳಿಕೊಂಡರು. ಮಾಡಿದ್ದು ತಾವು, ಉಣ್ಣುತ್ತಿರುವುದು ಅಕ್ಕ ಎಂದು ಹೊಳೆದಾಗ ಪೆನ್ಸಿಲು ಕೆಳಗಿಟ್ಟರು.

ಆ ವಾರವೆಲ್ಲ ಸಂಜೆ ಸ್ಕೂಟರು ಬಿಟ್ಟು ನಡೆದರು. ತಾವು ಟಿಕ್ ಹಾಕಿದ ಮೂವತ್ತೊಂದು ಕಟ್ಟಡಗಳ ಬೀದಿ ಬಾಗಿಲುಗಳನ್ನು ಒಂದೊಂದಾಗಿ ತಳ್ಳಿ ನೋಡಿದರು. ಹತ್ತೊಂಬತ್ತಕ್ಕೆ ಬೀಗ. ಒಂದರ ಹಿಂದೆ ಯಾರೋ ಫ್ರಿಜ್ಜನ್ನೇ ಇಟ್ಟಿದ್ದರು. ಇನ್ನೊಂದು ಬಾಗಿಲಿನಲ್ಲಿ ಕಾವಲಿನವನು ತಲೆ ಹೊರಗೆ ಹಾಕಿ, "ಯಾರು ಬೇಕಾಗಿತ್ತು?" ಎಂದ. ಏನು ಹೇಳುವುದು? "ಯಾರೂ ಇಲ್ಲ, ಬಾಗಿಲು ಬೇಕಾಗಿತ್ತು" ಎಂದು ಹೊರಟರು. ಅವನು ಹುಚ್ಚನೆಂದುಕೊಂಡಿರಬೇಕು.

ಕೂತು ಒಂದು ಸಾಲು ಬರೆದರು: ಸದರಿ ಬಾಗಿಲನ್ನು ಬೆಳಿಗ್ಗೆ ಏಳರಿಂದ ರಾತ್ರಿ ಒಂಬತ್ತರವರೆಗೆ ಬೀಗವಿಲ್ಲದೆ ಇಡತಕ್ಕದ್ದು. ಒಂದೇ ಸಾಲು. ಆದರೆ ಸರ್ಕಾರಿ ಕಡತಕ್ಕೆ ಕಾಲಿಲ್ಲ, ಯಾರಾದರೂ ಹೊತ್ತುಕೊಂಡೇ ಹೋಗಬೇಕು. ಸಾಹೇಬರು ಮೇಜಿಂದ ಮೇಜಿಗೆ ತಾವೇ ಹೊತ್ತರು. ಒಬ್ಬರು ರಜೆ, ಒಬ್ಬರಿಗೆ ವರ್ಗ, ಒಬ್ಬರು "ಹೋಗೋ ಕಾಲಕ್ಕೆ ಯಾಕ್ ಸಾರ್ ಇದೆಲ್ಲ?" ಎಂದು ಅನುಕಂಪ ತೋರಿಸಿದರು. ಮೂರು ತಿಂಗಳು ಹಾಗೇ ಸವೆಯಿತು. ಅಷ್ಟರಲ್ಲಿ ಅಕ್ಕ ಲಿಫ್ಟಿನವರೆಗೆ ಬರುವುದನ್ನೂ ಕಡಿಮೆ ಮಾಡಿದ್ದಳು. "ಎಲ್ಲಿಗೆ ಅಂತ ನಡೀಲಿ ಪುಟ್ಟಾ? ಕುರ್ಚಿ ನೋಡ್ಕೊಂಡು ಬರೋಕಾ?" ಎನ್ನುತ್ತಿದ್ದಳು. ಕಾಲು ಸಣ್ಣಗಾಗುತ್ತಿರುವುದು ಸೀರೆಯ ಮೇಲಿಂದಲೇ ಕಾಣುತ್ತಿತ್ತು.

ಕೊನೆಗೂ ಸಭೆ ಸೇರಿತು. ನಿರ್ದೇಶಕಿ ಮೇಡಂ ಒಳ್ಳೆಯವರೇ, ಸಾಲು ಓದಿ ತಲೆದೂಗಿದರು. "ಸರಿಯಾಗಿದೆ. ಪಾಸ್ ಮಾಡೋಣ. ಆದ್ರೆ ಹೊಸ ಕಟ್ಟಡಗಳಿಗೆ ಮಾತ್ರ."

"ಮೇಡಂ, ಹಳೇದಕ್ಕೆ?"

"ಹಳೇದಕ್ಕೆ ಕೈ ಹಾಕಿದ್ರೆ ನಾಳೆ ಎಲ್ಲರೂ ಕೋರ್ಟಲ್ಲಿರ್ತಾರೆ. ನಿಮಗೆ ಗೊತ್ತಿಲ್ದೇ ಇರೋದಾ?"

ಗೊತ್ತಿತ್ತು. ಮೂವತ್ತನಾಲ್ಕು ವರ್ಷ ಇದೇ ಮಾತನ್ನು ಅವರೂ ಬೇರೆಯವರಿಗೆ ಹೇಳಿದ್ದರು. ಎಲ್ಲರೂ ಅಭಿನಂದಿಸಿದರು. ಸಾಹೇಬರು ಕೈ ಮುಗಿದು ಹೊರಗೆ ಬಂದು, ಮೂರು ಮಹಡಿ ಮೆಟ್ಟಿಲನ್ನು ಮುದುಕನಂತೆ ಕಂಬಿ ಹಿಡಿದು ಇಳಿದರು.

ಅಕ್ಕನಿಗೆ ಸುದ್ದಿ ಹೇಳಿದಾಗ ಅವಳು ನಕ್ಕಳು. "ಕೂಸು ಹುಟ್ಟೋ ಮುಂಚೆ ಕುಲಾವಿ ಹೊಲಿದ ಹಾಗಾಯ್ತು. ಇನ್ನೂ ಕಟ್ಟದೇ ಇರೋ ಮನೆಗೆ ಬಾಗಿಲು ತೆರೆದೆ, ಕಟ್ಟಿದ ಮನೇಲಿ ನಾನು ಒಳಗೆ." ನಕ್ಕವಳು ಕಿಟಕಿಯ ಕಡೆ ಮುಖ ತಿರುಗಿಸಿದಳು. ಆಗ ಸಾಹೇಬರಿಗೆ ನಾಚಿಕೆಯಾಯಿತು. ತಮ್ಮ ನಲವತ್ತು ಪುಟವೂ ಬೇಡ, ಒಂದು ಬೀಗದ ಕೈ ಸಾಕು ಅನ್ನಿಸಿತು.

ಬೀಗದ ಕೈ ಇದ್ದದ್ದು ಕಟ್ಟಡದ ನಿವಾಸಿಗಳ ಸಂಘದ ಕಾರ್ಯದರ್ಶಿಯ ಹತ್ತಿರ, ಎರಡನೇ ಮಹಡಿಯಲ್ಲಿ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂಬ ಜಾತಿಯ ಮನುಷ್ಯ. ಸಾಹೇಬರು ಅವರ ಮನೆ ಬಾಗಿಲು ತಟ್ಟಿದರು.

"ನಿಯಮ ಇದೆಯಾ?" ಕಾರ್ಯದರ್ಶಿ ಕೇಳಿದರು.

"ಇಲ್ಲ."

"ಮತ್ತೆ?"

"ನಮ್ಮಕ್ಕ ನಡೀಬೇಕು."

ಇಷ್ಟು ಚಿಕ್ಕ ಅರ್ಜಿ ಆ ಕಾರ್ಯದರ್ಶಿ ಎಂದೂ ಕೇಳಿರಲಿಲ್ಲವೇನೋ. ಸ್ವಲ್ಪ ಹೊತ್ತು ಗದ್ದ ಕೆರೆದರು. "ನೋಡಿ ಸಾರ್, ಕಾವಲಿನವನು ಒಬ್ಬನೇ, ಅವನು ಹಿಂದಿನ ಗೇಟಲ್ಲಿರ್ತಾನೆ. ಬಾಗಿಲು ತೆಗೆದ್ರೆ ಕಾಯೋರು ಯಾರು? ನೀವು ಕೂತ್ಕೋತೀರಾ?" ಎಂದು ತಮಾಷೆಗೆ ಕೇಳಿದರು.

"ಮುಂದಿನ ತಿಂಗಳು ಒಂದನೇ ತಾರೀಖಿಂದ ಕೂತ್ಕೋತೀನಿ. ನಾಲ್ಕರಿಂದ ಆರು."

ಕಾರ್ಯದರ್ಶಿಗೆ ಮಾತು ಹಿಂದೆ ತೆಗೆದುಕೊಳ್ಳಲಾಗಲಿಲ್ಲ. "ಆರು ಅಂದ್ರೆ ಆರು. ದಿನಾ ಬೀಗದ ಕೈ ನನಗೆ ವಾಪಸ್, ಒಂದು ನಿಮಿಷ ಮೇಲಾದ್ರೂ ಮತ್ತೆ ಕೊಡಲ್ಲ" ಎಂದು ಷರತ್ತು ಹಾಕಿದರು. ಅರ್ಧಡಿ ಸಾಹೇಬರಿಗೇ ಅಳತೆಯ ಪಾಠ!

ಮೂವತ್ತನೇ ತಾರೀಖು ಕಚೇರಿಯಲ್ಲಿ ಹಾರ ಹಾಕಿ, ಗೋಡೆ ಗಡಿಯಾರ ಕೊಟ್ಟು ಕಳಿಸಿದರು. ಒಂದನೇ ತಾರೀಖು ನಾಲ್ಕು ಗಂಟೆಗೆ ಸಾಹೇಬರು ಬೀಗಕ್ಕೆ ಎಣ್ಣೆ ಬಿಟ್ಟು, ಕುರ್ಚಿಗಳ ಗೋಪುರ ಕೆಡವಿ, ಅದರಲ್ಲೊಂದನ್ನು ಹೊಸ್ತಿಲ ಪಕ್ಕ ಹಾಕಿಕೊಂಡರು. ಬಾಗಿಲು ಕಿರುಗುಟ್ಟುತ್ತ ತೆರೆಯಿತು. ಬೀದಿಯ ಬೆಳಕು ಲಿಫ್ಟಿನವರೆಗೆ ಬಂದು ಬಿತ್ತು. ಅಕ್ಕ ಇಳಿದು ಬಂದಳು. ಸಾಹೇಬರು ಕೈ ಹಿಡಿಯಲು ಎದ್ದರೆ, "ನೀನು ಕೂತ್ಕೋ, ಡ್ಯೂಟಿ ಮೇಲಿದೀಯ" ಎಂದು ಗದರಿ, ವಾಕರ್ ಊರುತ್ತ ಬೆಂಚಿನವರೆಗೆ ಹೋದಳು. ಅವಳ ಹೆಜ್ಜೆಯಲ್ಲಿ ಹನ್ನೊಂದಲ್ಲ, ಇಪ್ಪತ್ತಾರು. ಕೂತು, ಹೋಗಿಬರುವವರನ್ನು ನೋಡಿ, ಎದ್ದು ಬಂದಳು. ಒಂದು ತಿಂಗಳು ಹೀಗೇ ನಡೆಯಿತು.

ಎರಡನೇ ತಿಂಗಳ ಒಂದು ಸಂಜೆ, ಐದೂವರೆಗೆ ಸಾಹೇಬರಿಗೆ ಕೂತಲ್ಲೇ ಜೊಂಪು ಹತ್ತಿತು. ಕಣ್ಣು ಬಿಟ್ಟಾಗ ಆರಕ್ಕೆ ಐದು ನಿಮಿಷ. ಬೆಂಚು ಖಾಲಿ. ಮೇಲೆ ಹೋದಳೇ? ಫೋನು ಮಾಡಿದರು, ಮನೆಯಲ್ಲಿ ಯಾರೂ ಎತ್ತಲಿಲ್ಲ. ಹುಡುಕಲು ಹೋಗೋಣವೆಂದರೆ ಬಾಗಿಲು ಬಿಡುವಂತಿಲ್ಲ. ಹೊಸ್ತಿಲ ಮೇಲೆ ನಿಂತು ಎಡಕ್ಕೆ ನೋಡಿದರು, ಬಲಕ್ಕೆ ನೋಡಿದರು. ಬೀದಿಯ ತುದಿಯಲ್ಲಿ, ಔಷಧಿ ಅಂಗಡಿಯ ಗಾಜಿನ ಬೆಳಕಿನಲ್ಲಿ, ಒಂದು ವಾಕರ್ ನಿಧಾನವಾಗಿ ಈ ಕಡೆ ತಿರುಗುತ್ತಿತ್ತು.

ಸರಿಯಾಗಿ ಆರಕ್ಕೆ ಕಾರ್ಯದರ್ಶಿ ಇಳಿದು ಬಂದರು. "ಟೈಮಾಯ್ತು ಸಾರ್. ಬಾಗಿಲು ಹಾಕಿ, ಬೀಗದ ಕೈ ಕೊಡಿ."

ಅರ್ಧ ಅಡಿಯನ್ನೂ ಯಾರಿಗೂ ಬಿಟ್ಟುಕೊಡದ ಮನುಷ್ಯ ಬೀಗದ ಕೈಯನ್ನು ಜೇಬಿಗೆ ಹಾಕಿಕೊಂಡರು. "ಇನ್ನೂ ಒಬ್ರು ಹೊರಗಿದ್ದಾರೆ" ಎಂದರು.

ಕಾರ್ಯದರ್ಶಿ ಏನೋ ಹೇಳಲು ಬಾಯಿ ತೆರೆದವರು ಬೀದಿಯ ಕಡೆ ನೋಡಿ, ಇನ್ನೊಂದು ಕುರ್ಚಿ ಎಳೆದುಕೊಂಡು ಕೂತರು. ವಾಕರ್ ಇಲ್ಲಿಗೆ ತಲುಪಲು ಇಪ್ಪತ್ತು ನಿಮಿಷ ಹಿಡಿಯಿತು. ಅಕ್ಕ ಒಂದೊಂದು ಅಂಗಡಿಯ ಮುಂದೂ ನಿಂತು, ಒಳಗೆ ಇಣುಕಿ, ಮುಂದೆ ಬರುತ್ತಿದ್ದಳು. ಹೊಸ್ತಿಲಿಗೆ ಬಂದಾಗ ಮುಖವೆಲ್ಲ ಬೆವರು, ಉಸಿರು ಮೇಲೆ ಕೆಳಗೆ.

"ಇಪ್ಪತ್ತಮೂರು ಅಂಗಡಿ ಕಣೋ ಪುಟ್ಟಾ" ಎಂದಳು. "ಮಧ್ಯೆ ಒಂದ್ ಕಡೆ ಬರೀ ಗೋಡೆ ಬಂತು. ಅಲ್ಲಿ ಮಾತ್ರ ಕಾಲು ನೋಯ್ತು."

"ಗೋಡೆ ಎಷ್ಟುದ್ದ ಇತ್ತು?" ಸಾಹೇಬರ ಬಾಯಿಗೆ ಬಂದದ್ದು ಅದೇ. ಅಕ್ಕ ಲಿಫ್ಟಿನ ಕಡೆ ನಡೆದಮೇಲೆ ಬಾಗಿಲು ಎಳೆದು ಬೀಗ ಹಾಕಿ, ಬೀಗದ ಕೈಯನ್ನು ಕಾರ್ಯದರ್ಶಿಯ ಮುಂದೆ ಹಿಡಿದರು.

"ನಿಮ್ಮ ಹತ್ರಾನೇ ಇರಲಿ" ಎಂದು ಕಾರ್ಯದರ್ಶಿ ಮೇಲೆ ಹೋದರು.