ದುರ್ಯೋಧನ ಕೂತರೆ ಲೈಟು ಕೆಡುತ್ತದೆ

ದುರ್ಯೋಧನ ಸಿಂಹಾಸನದ ಮೇಲೆ ಕೂತ. ಇಡೀ ಹಸ್ತಿನಾಪುರ ಗುಲಾಬಿ ಬಣ್ಣಕ್ಕೆ ತಿರುಗಿತು. ಆಮೇಲೆ ಹಸಿರು. ಆಮೇಲೆ ಆರ್ಕೆಸ್ಟ್ರಾ ಸ್ಟೇಜಿನ ಹಾಗೆ ಝಗಮಗ!

ಕಳೆದ ಭಾನುವಾರ ದೊಡ್ಡಬಳ್ಳಾಪುರದಲ್ಲಿ ನಮ್ಮ ತಂಡದ ಪೌರಾಣಿಕ ನಾಟಕ. ಸಂಜೆ ಆರಕ್ಕೆ ಶೋ. ಮಧ್ಯಾಹ್ನ ಮೂರಕ್ಕೆ ಕೊನೆಯ ರಿಹರ್ಸಲ್. ಲೈಟಿಂಗ್ ಜವಾಬ್ದಾರಿ ನನ್ನದು. (ನಟನೆ ಬಾರದವರಿಗೆ ಕೊಡುವ ಗೌರವದ ಹುದ್ದೆ.) ಬಾಡಿಗೆಗೆ ತಂದ ಹೊಸ ಎಲ್‌ಇಡಿ ಲೈಟುಗಳು. ಇವಕ್ಕೆ ಕರೆಂಟಿನ ವೈರು ಬೇರೆ, ಸಿಗ್ನಲ್ ವೈರು ಬೇರೆ. 'ಕೆಂಪಾಗು', 'ಆರಿಹೋಗು' ಅಂತ ನನ್ನ ಕಂಟ್ರೋಲ್ ಬೋರ್ಡು ಕೊಡುವ ಆಜ್ಞೆ ಆ ಸಿಗ್ನಲ್ ವೈರಿನಲ್ಲಿ ಒಂದು ಲೈಟಿನಿಂದ ಇನ್ನೊಂದಕ್ಕೆ ಹೋಗಬೇಕು.

ಎಲ್ಲರನ್ನೂ ಸ್ಟೇಜಿನಿಂದ ಇಳಿಸಿ, ಏಣಿ ಹತ್ತಿ, ಎಂಟೂ ಲೈಟುಗಳ ಪಿನ್ನು ಕಿತ್ತು ಮತ್ತೆ ಚುಚ್ಚಿದೆ. ಸರಿಹೋಯಿತು! ಚಪ್ಪಾಳೆಯೂ ಬಿತ್ತು. ದುರ್ಯೋಧನ ಬಂದು ಕೂತ. ಮತ್ತೆ ಗುಲಾಬಿ.

ದುರ್ಯೋಧನನ ಪಾತ್ರ ಪಿ.ಟಿ. ಮೇಷ್ಟ್ರು ರಂಗಪ್ಪನವರದು. ತೂಕ ನೂರರ ಮೇಲೆ, ಆತ್ಮವಿಶ್ವಾಸ ಅದಕ್ಕೂ ಮೇಲೆ.

"ನೋಡಿದ್ರಾ ಸಾರ್? ನನ್ ಆಕ್ಟಿಂಗ್‌ಗೆ ಲೈಟೇ ನಡುಗ್ತಾವೆ!" ಎಂದು ಮೀಸೆ ತಿರುವಿದರು.

ಹಾರ್ಮೋನಿಯಂ ನುಡಿಸುವವರು ದೃಷ್ಟಿಯಾಗಿದೆ ಎಂದು ನಿಂಬೆಹಣ್ಣು ತರಿಸಿದರು. ನಾನು (ನಾಚಿಕೆ ಬಿಟ್ಟು ಹೇಳುತ್ತೇನೆ) ಬೋರ್ಡಿಗೆ ಅದನ್ನೂ ನಿವಾಳಿಸಿದೆ. ಪ್ರಯೋಜನವಾಗಲಿಲ್ಲ.

ನಾಲ್ಕೂವರೆ ಆಯಿತು. ಊರಿಗೆಲ್ಲ ಪಾಂಪ್ಲೆಟ್ ಹಂಚಿಯಾಗಿದೆ, ಈಗ ಯಾವ ಮುಖ ಇಟ್ಟುಕೊಂಡು ಶೋ ಕ್ಯಾನ್ಸಲ್ ಅನ್ನಲಿ?

ಆಗ ದ್ರೌಪದಿ ಎದ್ದು ಬಂದರು. ಅಂದರೆ, ಮನೆಯಲ್ಲಿ ನಾಲ್ಕು ಪವರ್‌ಲೂಮ್ ಓಡಿಸುವ ನಾಗರತ್ನಮ್ಮ.

"ಅಲ್ಲಾ ಸಾರ್, ಸ್ಟೇಜು ಖಾಲಿ ಇದ್ರೆ ನೆಟ್ಟಗೈತೆ, ಇವ್ರು ಕೂತ್ರೆ ಕೆಡ್ತದೆ. ಮಗ್ಗದಾಗೆ ಒಂದ್ ಎಳೆ ಕಿತ್ತೋದ್ರೆ ಎಲ್ಲಾ ಎಳೆ ಬಿಚ್ತೀವಾ? ಕಿತ್ತೋಗಿರೋ ಜಾಗ ಹುಡುಕ್ತೀವಿ. ಮೇಷ್ಟ್ರೇ, ಒಸಿ ಎದ್ದೇಳಿ."

ಎದ್ದರು. ಲೈಟು ಸರಿಯಾಯಿತು.

"ಕೂತ್ಕಳಿ."

ಗುಲಾಬಿ.

"ಎದ್ದೇಳಿ."

ಹೀಗೆ ಆರು ಸಲ. (ಎರಡು ಸಲ ಸಾಕಿತ್ತು. ಆದರೆ ಪಿ.ಟಿ. ಮೇಷ್ಟ್ರಿಗೇ ಬಸ್ಕಿ ಹೊಡೆಸುವ ಅವಕಾಶ ಮತ್ತೆ ಸಿಗುತ್ತದೆಯೇ?) ಆಮೇಲೆ ನಾಗರತ್ನಮ್ಮ ಸಿಂಹಾಸನ ಸರಿಸಿ ಜಮಖಾನೆ ಎತ್ತಿದರು. ಸಿಂಹಾಸನದ ಕಾಲಿದ್ದ ಜಾಗದಲ್ಲೇ ಸಿಗ್ನಲ್ ವೈರು ಅಪ್ಪಚ್ಚಿ!

ಅಲ್ಲಿ ವೈರು ಎಳೆದವನು ಯಾರು? ನಾನೇ. ಬೇರೆ ವೈರನ್ನು ಪರದೆಯ ಹಿಂದಿನಿಂದ ಎಳೆದು ಜೋಡಿಸಿದೆ. ನಾಟಕ ಸರಿಯಾಗಿ ಆರಕ್ಕೆ ಶುರುವಾಯಿತು, ಒಂದು ಲೈಟೂ ಕಣ್ಣು ಮಿಟುಕಿಸಲಿಲ್ಲ. ರಂಗಪ್ಪನವರು ಮಾತ್ರ ಬಣ್ಣ ಒರೆಸುತ್ತ ಬೇಜಾರು ಮಾಡಿಕೊಂಡರು: "ಆ ಎಫೆಕ್ಟ್ ಹಂಗೇ ಬಿಡ್ಬೇಕಿತ್ತು ಕಣ್ರೀ!"

ಎಲ್ಲರೂ ನಕ್ಕೆವು. ಆದರೆ ಪಾಪ, ಅವರೊಬ್ಬರನ್ನೇ ಅಂದು ಏನು ಪ್ರಯೋಜನ? ತಮ್ಮ ಕುರ್ಚಿಯ ಕೆಳಗೆ ಏನು ಅಪ್ಪಚ್ಚಿಯಾಗುತ್ತಿದೆ ಅಂತ ಎದ್ದು ನೋಡಿದ ದೊಡ್ಡ ಮನುಷ್ಯರನ್ನು ನೀವೆಲ್ಲಾದರೂ ಕಂಡಿದ್ದೀರಾ?