ಆ ಎಲುಬು ಸತ್ತಿರಲಿಲ್ಲ

ಹನ್ನೊಂದು ವರ್ಷದ ನನ್ನ ಮಗನ ಹೆಣ ಜಗುಲಿಯಲ್ಲಿತ್ತು. ಅಂಗಳದಲ್ಲಿ ಗಂಡಸರು ಅವನ ಎಲುಬಿನ ವಿಷಯ ಮಾತಾಡುತ್ತಿದ್ದರು.

"ಆಸ್ಪತ್ರೆಯಲ್ಲಿ ಕೊಯ್ದು ತೆಗೆದದ್ದನ್ನ ಕೇಳಿ ತರಬೇಕಿತ್ತು," ಎಂದರು ನನ್ನ ಗಂಡನ ದೊಡ್ಡಪ್ಪ. "ಎಲುಬು ಕಮ್ಮಿ ಇದ್ದ ಮೈ ಸುಟ್ಟರೆ ಎಂತ ಗತಿ? ಮೇಲಿಂದ ಒಳ್ಳೇ ಕಾಲನ್ನೂ ಕೊಯ್ಸಿದ್ರು. ಅದಕ್ಕೇ ಪೋರ ಹೋದ."

ಇಷ್ಟು ವರ್ಷದ ಮೇಲೂ ಈ ಮಾತು ನೆನಪಾದರೆ ಮೈ ಉರಿಯುತ್ತದೆ.

ಹೊನ್ನಾವರದ ನಮ್ಮ ಮೀನುಗಾರರ ಕೇರಿಯಲ್ಲಿ ಉಳುಕು ತೆಗೆಯುವುದು ಈ ದೊಡ್ಡಪ್ಪನ ಕೆಲಸ. ಬಲೆ ಎಳೆದು ಭುಜ ತಪ್ಪಿದವರು, ದೋಣಿಯಲ್ಲಿ ಜಾರಿದವರು ಅವರ ಹತ್ತಿರವೇ ಹೋಗುವುದು. ಗುಣವೂ ಆಗುತ್ತಿತ್ತು, ಸುಳ್ಳು ಹೇಳುವುದಿಲ್ಲ. ಮಗನ ಬಲ ಮೊಣಕಾಲಿನ ಕೆಳಗೆ ಬಾವು ಬಂದಾಗ ಅವರೇ ನೋಡಿ, ಬಿದ್ದು ಉಳುಕಿದ್ದು ಎಂದರು.

"ಅವ ಬಿದ್ದೇ ಇಲ್ಲ," ಎಂದೆ.

"ಮಕ್ಕಳು ಬಿದ್ದದ್ದೆಲ್ಲ ಹೇಳ್ತಾವಾ?" ಎಂದು ನಕ್ಕರು.

ಮಳೆಗಾಲ. ದೋಣಿಗಳು ದಡದಲ್ಲಿದ್ದವು, ಅವರಿಗೂ ಪುರಸೊತ್ತು. ದಿನಾ ಎಣ್ಣೆ ಹಚ್ಚಿ ತಿಕ್ಕಿದರು, ಬಿದಿರು ಸೀಳು ಕಟ್ಟಿದರು. ಮಗ ಟವೆಲ್ ಕಚ್ಚಿಕೊಂಡು ಮಲಗುತ್ತಿದ್ದ. ಡಾಕ್ಟರಿಗೆ ತೋರಿಸುವಾ ಎಂದರೆ ಅತ್ತೆ, "ಮನೆಯಲ್ಲೇ ಗುಣ ಮಾಡುವ ಕೈ ಇರುವಾಗ ಹೊರಗೆ ಹೋದ್ರೆ ಅವರ ಮರ್ಯಾದೆ ಎಂತಾತು?" ಎನ್ನುತ್ತಿದ್ದರು.

ದೋಣಿಗಳು ಕಡಲಿಗಿಳಿದ ಮೇಲೆ ಯಾರನ್ನೂ ಕೇಳದೆ ಮಗನನ್ನು ಬಸ್ಸಿನಲ್ಲಿ ಕುಮಟಾಕ್ಕೆ ಕರೆದೊಯ್ದೆ. ಎಕ್ಸ್‌ರೇ ನೋಡಿ, ಕಾಲಿಗೆ ಹಚ್ಚಿದ ಎಣ್ಣೆಯನ್ನೂ ಕಂಡ ಡಾಕ್ಟರು, "ಇದನ್ನ ತಿಕ್ಕಿದ್ದು ಯಾರು?" ಎಂದು ಗದರಿದರು. ಎಲುಬಿನಲ್ಲಿ ಗಡ್ಡೆ. ಕ್ಯಾನ್ಸರ್.

ಭಟ್ಕಳದ ಹತ್ತಿರ ಜಾಲಿಯಲ್ಲಿದ್ದ ಅಕ್ಕನ ಮನೆಯಲ್ಲಿ ಒಂದು ರಾತ್ರಿ ಉಳಿದು, ದಕ್ಷಿಣದ ದೊಡ್ಡ ಆಸ್ಪತ್ರೆಗೆ ಹೋದೆವು. ಮೊದಲು ಸೂಜಿಮದ್ದು. ಕೂದಲೆಲ್ಲ ಉದುರಿತು. ಆಮೇಲೆ ಗಡ್ಡೆಯಿದ್ದ ಎಲುಬಿನ ತುಂಡು ತೆಗೆದು, ಆ ಜಾಗಕ್ಕೆ ಎಡಗಾಲಿನ ಸಣ್ಣ ಎಲುಬನ್ನು ರಕ್ತನಾಳದ ಸಮೇತ ತಂದು ಹೊಲಿದರು. "ಇದು ಜೀವ ಇರುವ ಎಲುಬು. ಕೂಡಿಕೊಳ್ತದೆ, ದಪ್ಪ ಆಗ್ತದೆ," ಎಂದರು ಡಾಕ್ಟರು.

ಮಗ ಕೇಳಿ ನಕ್ಕ. "ಅಮ್ಮಾ, ಇನ್ನು ಬಲಗಾಲಲ್ಲಿ ಹೊಡೆದ ಗೋಲು ಎಡಗಾಲಿಂದೇ ಲೆಕ್ಕ!"

ಎಲುಬು ಹೇಳಿದ ಹಾಗೇ ಕೂಡಿತು. ಒಂದೊಂದು ಎಕ್ಸ್‌ರೇಯಲ್ಲೂ ತುಸು ದಪ್ಪಗೆ ಕಾಣುತ್ತಿತ್ತು. ಕೋಲು ಹಿಡಿದು ಶಾಲೆಗೂ ಹೋದ. ಆಮೇಲೆ ಕೆಮ್ಮು ಶುರುವಾಯಿತು. ರೋಗ ಶ್ವಾಸಕೋಶಕ್ಕೆ ಹೋಗಿತ್ತು. "ತಡ ಆಯ್ತು. ಆ ಗಡ್ಡೆಯನ್ನ ತಿಕ್ಕಬಾರದಿತ್ತು," ಎಂದರು ಡಾಕ್ಟರು. ನನ್ನ ಗಂಡನೂ ಪಕ್ಕದಲ್ಲೇ ನಿಂತು ಕೇಳಿಸಿಕೊಂಡಿದ್ದ.

ಈಗ ಅಂಗಳದಲ್ಲಿ ಇವರ ಮಾತು! ಮದುವೆಯಾಗಿ ಬಂದಲ್ಲಿಂದ ನಾನು ದೊಡ್ಡಪ್ಪನ ಎದುರು ದನಿ ಎತ್ತಿದವಳಲ್ಲ. ಜಗುಲಿ ಇಳಿದು ಹೋದೆ.

"ಕೊಯ್ದು ತೆಗೆದದ್ದು ನೀವು ತಿಕ್ಕಿದ ಎಲುಬು. ಅದು ಬೇಕಾ ನಿಮಗೆ? ಆಸ್ಪತ್ರೆಯವರು ಕೂರಿಸಿದ ಎಲುಬು ಕಡೇವರೆಗೂ ಬೆಳೀತಿತ್ತು."

"ಹೆಣದ ಎದುರು ಎಂತ ಮಾತು ತಂಗೀ," ಎಂದು ನೆರೆಮನೆಯವರು ತಡೆದರು.

"ಹೆಣದ ಎದುರೇ ಹೇಳೂದು. ಮತ್ತೆಲ್ಲಿ ಹೇಳ್ಲಿ?"

ಚಟ್ಟ ಎತ್ತುವಾಗ ದೊಡ್ಡಪ್ಪ ಹೆಗಲು ಕೊಡಲು ಬಂದರು. ನಾನು ಅಡ್ಡ ನಿಂತೆ. "ನೀವು ಅವನನ್ನ ಮುಟ್ಟೂದು ಬೇಡ."

ಗಂಡ ನನ್ನ ಮುಖ ನೋಡಿದ, ದೊಡ್ಡಪ್ಪನ ಮುಖ ನೋಡಿದ. ಕಡೆಗೆ ನೆರೆಮನೆಯವನನ್ನು ಕರೆದ. "ಬಾ, ನೀನು ಹಿಡಿ."

ಹೆಗಲು ಕೊಡಲು ಬಂದ ಹಿರಿಯರನ್ನು ತಡೆದವಳೆಂದು ಕೇರಿಯಲ್ಲಿ ನನ್ನ ಹೆಸರು ಕೆಟ್ಟಿತು. ಕೆಡಲಿ.